ತಲೆಯಾಡಿಸಿದ್ದು

ಆಲೂರು
13 ನವೆಂಬರ್ 2024

ಚೈತ್ರಶ್ರೀ ಮೇಡಂ ಅವರಿಗೆ, ಆಲೂರಿನಿಂದ ಮಸೂದಾ ಮಾಡುವ ಸಲಾಮು.

ಹತ್ತು ದಿನ ಬಿಟ್ಟು ಕಾಗದ ಬರೆಯಿರಿ, ಫೋನ್ ಮಾತ್ರ ಬೇಡ ಅಂದಿದ್ದಿರಿ. ಇವತ್ತಿಗೆ ಸರಿಯಾಗಿ ಹತ್ತು. ನೀವು ಕೊಟ್ಟ ಇನ್‌ಲ್ಯಾಂಡ್‌ನಲ್ಲೇ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಆದಮೇಲೆ ಇಷ್ಟುದ್ದ ಬರೆಯಲು ಕೂತಿರುವುದು ಇದೇ ಮೊದಲು. ತಪ್ಪಿದ್ದರೆ ನಗಬೇಡಿ, ಅಥವಾ ನಕ್ಕುಬಿಡಿ, ನನಗೇನು ಕಾಣುತ್ತದೆಯೇ.

ಇಪ್ಪತ್ತು ಜನ ಹೆಂಗಸರಲ್ಲಿ ನಾನು ಯಾರು ಅಂತ ಮರೆತಿರಬಹುದು. ಆ ಹಳೇ ಕಾಫಿ ಸ್ಟೋರಿನ ಕಂಬಕ್ಕೆ ಒರಗಿ ಕೂತಿದ್ದೆನಲ್ಲ, ಕಂದು ಬುರ್ಖಾ. ತುಳಸಿ ಕಷಾಯಕ್ಕೆ ಸಕ್ಕರೆ ಕೇಳಿ ಎಲ್ಲರ ಧ್ಯಾನ ಕೆಡಿಸಿದವಳು. ನಮ್ಮ ಮಹಿಳಾ ಸಂಘದ ದ್ರಾಕ್ಷಾಯಣಿ ಬಲವಂತ ಮಾಡದಿದ್ದರೆ ನಾನು ಬರುತ್ತಲೇ ಇರಲಿಲ್ಲ. "ಬಾ ಮಾರಾಯ್ತಿ, ಸಕಲೇಶಪುರದಾಗೆ ಬಟ್ಟಲು ಬಾರಿಸ್ತಾರಂತೆ, ಮನಸು ಹಗುರ ಆಯ್ತದಂತೆ" ಅಂದಳು. ನಮ್ಮ ಮನೆಯವರು ಅಸಾದುಲ್ಲಾ, ಪೇಟೆಯಲ್ಲಿ ಕಾಫಿ ಮೆಣಸು ಕೊಳ್ಳುವ ಅಂಗಡಿ ಇಟ್ಟವರು, "ಏನದು, ಪೂಜೆನಾ?" ಅಂದರು. ಪೂಜೆ ಅಲ್ಲ, ಬಟ್ಟಲು ಅಂದೆ. "ಮನೇಲಿ ಬಟ್ಟಲಿಲ್ವಾ?" ಅಂದರು. ಮಗ ತೀರಿಹೋದ ಈ ಹದಿನೈದು ತಿಂಗಳಲ್ಲಿ ಅವರು ತಮಾಷೆಯ ಹಾಗೆ ಆಡಿದ ಮಾತು ಅದೊಂದೇ.

ನೀವು ಆ ಕಂಚಿನ ಬಟ್ಟಲನ್ನು ನನ್ನ ಎದೆಯ ಮೇಲಿಟ್ಟು ಬಾರಿಸಿದಾಗ ನಡುಕ ಹಲ್ಲಿನ ತನಕ ಬಂತು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಯಾರಿಗೂ ಹೇಳದ ಒಂದು ಮಾತು ಹೇಳಿ ಅಂದಿರಿ. ಕೇಳುವವರು ಉತ್ತರ ಕೊಡಬಾರದು, ಅದೇ ಇಲ್ಲಿಯ ನಿಯಮ ಅಂದಿರಿ. ಒಳ್ಳೆಯ ನಿಯಮ ಮೇಡಂ. ಉತ್ತರ ಕೊಡುವ ಜನ ನನಗೆ ಬೇಕಾದಷ್ಟಿದ್ದಾರೆ. ನನ್ನ ಮಗ ರಯೀಸ್ ಹೋದಮೇಲೆ ಓಣಿಯವರೆಲ್ಲ ಉತ್ತರ ಕೊಟ್ಟವರೇ.

ನಾನು ಹೇಳಿದೆ. ನೀವು ನನ್ನ ಕಣ್ಣನ್ನೇ ನೋಡುತ್ತ ಮೂರು ಸಲ ತಲೆಯಾಡಿಸಿದಿರಿ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟಿರಿ. ಕೇಳಿಯೂ ಅಸಹ್ಯಪಡಲಿಲ್ಲ. ಆವತ್ತು ಮನೆಗೆ ಬಂದವಳು ಬೆಳಗಿನ ಆಜಾನ್ ಆಗುವವರೆಗೆ ಮಲಗಿದ್ದೆ. ನನ್ನ ಮಗಳು ಅಫ್ಶಾನ್ ಉಸಿರಾಡುತ್ತಿದ್ದೇನಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳಂತೆ.

ನಮ್ಮ ಮನೆಯವರು ಮಾತ್ರ ಹಾಗೇ ಇದ್ದಾರೆ. ಮಣ್ಣು ಮಾಡಿದ ದಿನ ಬಿಟ್ಟರೆ ಒಮ್ಮೆಯೂ ಮಗನ ಕಬರ್ ಹತ್ತಿರ ಹೋಗಿಲ್ಲ. "ಮಳೇಲಿ ಘಾಟಿ ಹತ್ಬೇಡ ಅಂದಿದ್ದೆ, ಹತ್ಬುಟ್ಟ. ಮಾತು ಕೇಳ್ದೋನ ಹತ್ರ ನಾನ್ಯಾಕೆ ಹೋಗ್ಲಿ" ಅನ್ನುತ್ತಾರೆ. ನಮ್ಮಲ್ಲಿ ಹೆಂಗಸರು ಕಬರಸ್ತಾನದೊಳಗೆ ಹೋಗುವುದಿಲ್ಲ. ಅವನಿಗೆ ಅಣ್ಣತಮ್ಮಂದಿರೂ ಇಲ್ಲ. ಹಾಗಾಗಿ ನನ್ನ ಮಗನ ಹತ್ತಿರ ನಿಂತು ಫಾತಿಹಾ ಓದುವವರು ಯಾರೂ ಇಲ್ಲ.

ಜಾಗ ಮುಗಿಯಿತು.
ಮಸೂದಾ

*

ಸಕಲೇಶಪುರ
22 ನವೆಂಬರ್ 2024

ಪ್ರೀತಿಯ ಮಸೂದಕ್ಕ,

ನಿಮ್ಮನ್ನು ಮರೆಯುವುದುಂಟೇ. ಸಕ್ಕರೆ ಕೇಳಿದವರು ನೀವೊಬ್ಬರೇ, ಬೇಕಾಗಿದ್ದವರು ಇಪ್ಪತ್ತು ಜನ.

ನೀವು ನಿದ್ದೆ ಮಾಡಿದಿರಿ ಎಂದು ಓದಿ ಮನಸ್ಸು ತುಂಬಿತು. ನಾದ ಮಾಡುವ ಕೆಲಸವೇ ಅದು. ದೇಹದಲ್ಲಿ ಗಂಟುಕಟ್ಟಿದ್ದನ್ನು ನಿಧಾನವಾಗಿ ಸಡಿಲಿಸುತ್ತದೆ. ನಾವು ವೃತ್ತದಲ್ಲಿ ಕೂರುವುದು ಒಬ್ಬರನ್ನೊಬ್ಬರು ತಿದ್ದಲಿಕ್ಕಲ್ಲ, ಜೊತೆಗಿರಲಿಕ್ಕೆ. ನೀವು ನನ್ನ ಬಳಿ ಹೇಳಿದ್ದು ನನ್ನಲ್ಲಿ ಭದ್ರವಾಗಿದೆ. ಅದು ಬೇರೆ ಯಾರ ಕಿವಿಗೂ ಹೋಗುವುದಿಲ್ಲ.

ನಿಮ್ಮ ಯಜಮಾನರ ಸಿಟ್ಟೂ ದುಃಖವೇ. ಅದಕ್ಕೂ ಸಮಯ ಕೊಡಿ. ಜನವರಿಯಲ್ಲಿ ಮತ್ತೊಂದು ಕೂಟವಿದೆ, ದ್ರಾಕ್ಷಾಯಣಿಯವರಿಗೆ ತಿಳಿಸಿದ್ದೇನೆ. ಇದರ ಜೊತೆ ಇನ್ನೊಂದು ಇನ್‌ಲ್ಯಾಂಡ್ ಇಟ್ಟಿದ್ದೇನೆ.

ನಿಮ್ಮ
ಚೈತ್ರಶ್ರೀ

*

ಆಲೂರು
2 ಡಿಸೆಂಬರ್ 2024

ಚೈತ್ರಶ್ರೀ ಮೇಡಂ ಅವರಿಗೆ ಸಲಾಮು.

ನಿಯಮ ಮುರಿದು ಎರಡು ಸಲ ಫೋನ್ ಮಾಡಿದೆ, ಕ್ಷಮಿಸಿ. ಎರಡು ಸಲವೂ ನಿಮ್ಮ ಅಣ್ಣ ಪ್ರತಾಪ್ ಎತ್ತಿಕೊಂಡು, "ಅವಳು ಫೋನಿಗೆ ಬರಲ್ಲ ಕಣ್ರಮ್ಮ, ಕಾಗದ ಬರೀರಿ" ಅಂದರು. ದೊಡ್ಡ ಸಾಧನೆ ಮಾಡುವವರು ಹೀಗೇ ಇರುತ್ತಾರೇನೋ. ಆವತ್ತು ಕೂಡ ದ್ರಾಕ್ಷಾಯಣಿ ಹಿಂದಿನಿಂದ ಮೂರು ಸಲ ಕೂಗಿದರೂ ನೀವು ತಿರುಗಲಿಲ್ಲ. "ನೋಡು, ಎಂಥಾ ಏಕಾಗ್ರತೆ" ಅಂತ ಅವಳು ಬಸ್ಸಿನಲ್ಲಿ ಆಲೂರು ಬರುವತನಕ ಅದನ್ನೇ ಹೇಳಿದಳು.

ಒಂದು ವಿಷಯ ಕೇಳಬೇಕು. ರಯೀಸ್ ಆ ದಿನ ಘಾಟಿಯ ಬುಡದ ಗುಂಡ್ಯದಲ್ಲಿ ಲಾರಿ ನಿಲ್ಲಿಸದೆ ಯಾಕೆ ಘಾಟಿ ಹತ್ತಿದ ಅನ್ನುವುದು ಈ ಭೂಮಿಯ ಮೇಲೆ ಇಬ್ಬರಿಗೇ ಗೊತ್ತು. ನನಗೆ, ನವೆಂಬರ್ ಮೂರರಿಂದ ನಿಮಗೆ. ಇವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಮಗನ ಮೇಲೆ ಸಿಟ್ಟು. ಮೊನ್ನೆ ಶುಕ್ರವಾರ ನಮಾಜು ಮುಗಿಸಿ ಎಲ್ಲರೂ ಕಬರಸ್ತಾನದ ಕಡೆ ತಿರುಗಿದರೆ ಇವರೊಬ್ಬರು ಅಂಗಡಿ ಕಡೆ ತಿರುಗಿದರಂತೆ. ಅಫ್ಶಾನ್ ನೋಡಿದಳು.

ನಾನು ಬಾಯಿ ಬಿಟ್ಟರೆ ಅವರು ಮಗನ ಹತ್ತಿರ ಹೋಗಬಹುದು. ಆದರೆ ನನ್ನ ಹತ್ತಿರ ಇರುತ್ತಾರಾ? ಮೂವತ್ತು ವರ್ಷದ ಸಂಸಾರ ಮೇಡಂ. ನನಗೂ ಇನ್ನೆಲ್ಲಿ ಹೋಗುವುದಿದೆ.

ನೀವು ಎಲ್ಲ ಕೇಳಿದವರು. ಕೇಳಿಯೂ ತಲೆಯ ಮೇಲೆ ಕೈಯಿಟ್ಟವರು. ಉಪದೇಶ ಬೇಡ, ಒಂದೇ ಮಾತು ಬರೆಯಿರಿ. ಹೇಳು ಅಂತಲೋ, ಬೇಡ ಅಂತಲೋ. ನೀವು ಅಂದಂತೆ ಮಾಡುತ್ತೇನೆ.

ಮಸೂದಾ

*

ಸಕಲೇಶಪುರ
9 ಡಿಸೆಂಬರ್ 2024

ಪ್ರೀತಿಯ ಮಸೂದಕ್ಕ,

ಹೇಳಿ.

ನನಗೆ ಹೇಳಿದ ಹಾಗೆಯೇ ಅವರಿಗೂ ಹೇಳಿ. ಮುಚ್ಚಿಟ್ಟದ್ದು ಒಳಗೇ ಭಾರವಾಗುತ್ತದೆ. ನಿಮಗೆ ಹಗುರವಾದದ್ದು ಅವರಿಗೂ ಹಗುರವಾಗಬಹುದು. ಹೇಳುವ ಮೊದಲು ಇಬ್ಬರೂ ಐದು ನಿಮಿಷ ಸುಮ್ಮನೆ ಕೂತಿರಿ, ಉಸಿರಿನ ಕಡೆ ಗಮನ ಕೊಡಿ.

ಕಾಫಿ ಕೊಯ್ಲಿನ ಕಾಲ, ಅಣ್ಣನಿಗೆ ಆಳು ಸಿಗದೆ ನಾನೂ ತೋಟಕ್ಕಿಳಿದಿದ್ದೇನೆ. ಚುಟುಕಾಗಿ ಬರೆದದ್ದಕ್ಕೆ ಬೇಸರ ಬೇಡ.

ನಿಮ್ಮ
ಚೈತ್ರಶ್ರೀ

*

ಆಲೂರು
11 ಜನವರಿ 2025

ಚೈತ್ರಶ್ರೀ ಅವರಿಗೆ,

ಹೇಳಿದೆ.

ಉಸಿರಿನ ಕಡೆ ಗಮನ ಕೊಡುವಷ್ಟು ಪುರುಸೊತ್ತು ಇರಲಿಲ್ಲ. ಡಿಸೆಂಬರ್ ಇಪ್ಪತ್ತೆರಡು, ಭಾನುವಾರ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ನಿಂತೇ ಹೇಳಿದೆ, ನಿಮಗೆ ಹೇಳಿದ ಹಾಗೆಯೇ, ಅದೇ ಮಾತುಗಳಲ್ಲಿ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಭ್ಯಾಸವಿದೆ. "ನೀನು ಬಾ ಅಂದ್ಯಾ?" ಅಂದರು. ಹೂಂ ಅಂದೆ. ಎಲೆಯಡಿಕೆ ಡಬ್ಬಿ ಮುಚ್ಚಿ, "ಹಂಗಾದ್ರೆ ಅವನು ನನ್ನ ಮಾತು ಮೀರ್ಲಿಲ್ವಾ?" ಅಂದರು. ಇಲ್ಲ ಅಂದೆ. ಬಾಯಲ್ಲಿದ್ದ ಎಲೆಯನ್ನು ಹೊರಗೆ ಉಗಿದು, ಟೋಪಿ ಹಾಕಿಕೊಂಡು ಅಂಗಡಿಗೆ ಹೊರಟುಹೋದರು.

ಅಲ್ಲೇ ಇದ್ದಾರೆ. ಮೆಣಸಿನ ಚೀಲಗಳ ಮೇಲೆ ಹಾಸಿಗೆ. ಅಫ್ಶಾನ್ ಊಟ ತೆಗೆದುಕೊಂಡು ಹೋಗುತ್ತಾಳೆ. ನನ್ನ ಹೆಸರೆತ್ತುವುದಿಲ್ಲ. ಮಗನ ಹತ್ತಿರ ಹೋದರಾ ಅಂದರೆ ಅದೂ ಇಲ್ಲ. "ಒಂದೂವರೆ ವರ್ಷ ಬೈದಿದೀನಿ ಕಣಮ್ಮ. ಯಾವ ಮುಖ ತಗೊಂಡು ಹೋಗ್ಲಿ" ಅಂದರಂತೆ ಮಗಳ ಹತ್ತಿರ. ಮೊದಲು ಅವನಿಗೆ ಅಪ್ಪನ ಸಿಟ್ಟಾದರೂ ಇತ್ತು. ಈಗ ಅದೂ ಇಲ್ಲ.

ನನಗೀಗ ಸಿಟ್ಟು ಬಂದಿದೆ, ನಿಮ್ಮ ಮೇಲೆ. ಸುಳ್ಳು ಯಾಕೆ ಹೇಳಲಿ. ನಾನು ಮಾಡಿದ್ದು ಎಂಥದ್ದು ಅಂತ ಕೇಳಿದ ಮನುಷ್ಯರು ನೀವೊಬ್ಬರೇ ಇದ್ದಿರಿ. ನೀವು ತಲೆಯಾಡಿಸಿದ್ದನ್ನು ನಂಬಿಕೊಂಡು ಎರಡು ತಿಂಗಳು ಬದುಕಿದೆ. ಅಷ್ಟು ದೊಡ್ಡದನ್ನು ಕೇಳಿದವರು ಉಸಿರಿನ ಕಡೆ ಗಮನ ಕೊಡಿ ಅಂತ ಹೇಗೆ ಬರೆಯುತ್ತಾರೆ? ನೂರು ಸಲ ಓದಿದೆ ನಿಮ್ಮ ಕಾಗದ. ನನ್ನ ಮಗನ ಹೆಸರು ಒಂದು ಸಲವೂ ಇಲ್ಲ ಅದರಲ್ಲಿ.

ಆ ದಿನ ಯಾಕೆ ತಲೆಯಾಡಿಸಿದಿರಿ? ಕ್ಷಮಿಸಿದ್ದಕ್ಕಾ, ಅಯ್ಯೋ ಪಾಪ ಅಂತಲಾ? ಅದೊಂದು ಹೇಳಿ, ಸಾಕು.

ಮಸೂದಾ

*

ಸಕಲೇಶಪುರ
5 ಫೆಬ್ರವರಿ 2025

ಮಸೂದಕ್ಕ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಐದನೆಯದನ್ನು ಹರಿಯುವ ಮೊದಲು ಅಣ್ಣನ ಕೈಗೆ ಕೊಟ್ಟುಬಿಡುತ್ತೇನೆ, ಅವನು ಪೇಟೆಗೆ ಹೊರಟಿದ್ದಾನೆ.

ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ.

ನನ್ನ ಬಲಗಿವಿ ಹೋಗಿ ನಾಲ್ಕು ವರ್ಷವಾಯಿತು. ಎಡಗಿವಿಗೆ ಮಿಷನ್ ಹಾಕಿಕೊಳ್ಳುತ್ತೇನೆ, ಕೂದಲು ಇಳಿಬಿಟ್ಟು ಮುಚ್ಚುತ್ತೇನೆ. ಬಟ್ಟಲು ಬಾರಿಸಿದರೆ ಆ ಮಿಷನ್ ಕಿವಿಯೊಳಗೇ ಕಿರುಚುತ್ತದೆ, ತಲೆ ಸೀಳಿದ ಹಾಗಾಗುತ್ತದೆ. ಅದಕ್ಕೆ ಕೂಟ ಶುರುವಾಗುವ ಮೊದಲೇ ತೆಗೆದು ಸೊಂಟದ ಚೀಲಕ್ಕೆ ಹಾಕುತ್ತೇನೆ. ನಾದ ನನಗೆ ಅಂಗೈಯಲ್ಲಿ ಗೊತ್ತಾಗುತ್ತದೆ. ಮಾತು ತುಟಿ ನೋಡಿದರೆ ಅರ್ಧಂಬರ್ಧ ಗೊತ್ತಾಗುತ್ತದೆ. ನೀವು ಹೇಳುವಾಗ ಬುರ್ಖಾದ ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದಿದ್ದಿರಿ. ನನಗೆ ಕಂಡದ್ದು ಕಣ್ಣು ಮಾತ್ರ. ಅಳುತ್ತಿದ್ದಿರಿ. ಅಳುವವರ ಮುಂದೆ ತಲೆಯಾಡಿಸಬೇಕು ಎಂದು ತಲೆಯಾಡಿಸಿದೆ. ಆವತ್ತು ಇಪ್ಪತ್ತು ಜನಕ್ಕೂ ಹಾಗೇ ತಲೆಯಾಡಿಸಿದ್ದೇನೆ.

ಉತ್ತರ ಕೊಡಬಾರದು ಅನ್ನುವ ನಿಯಮ ನನಗೆ ಕಲಿಸಿದವರದ್ದು, ಅದು ಒಳ್ಳೆಯದೇ. ನಾನು ಅದರ ಮರೆಯಲ್ಲಿ ಅವಿತುಕೊಂಡೆ. ಫೋನ್ ಬೇಡ, ಕಾಗದ ಬರೆಯಿರಿ ಅನ್ನುವ ನಿಯಮ ಮಾತ್ರ ಪೂರ್ತಿ ನನ್ನದು. ಫೋನಿನಲ್ಲಿ ನನಗೆ ಏನೂ ಕೇಳಿಸುವುದಿಲ್ಲ. ಎಲ್ಲರೂ ಅದನ್ನು ಹಳೇ ಕಾಲದ ಚೆಂದ ಅಂದುಕೊಂಡು ಮೆಚ್ಚಿದರು. ನಾನು ಮೆಚ್ಚಿಸಿಕೊಂಡೆ. ಅಣ್ಣನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕಿವಿ ಕೇಳದವಳ ಹತ್ತಿರ ನಾದ ಕೇಳಲು ಯಾರು ಬರುತ್ತಾರೆ ಎಂದು ಭಯ. ಈ ಕೆಲಸ ಬಿಟ್ಟು ನನಗೆ ಬೇರೇನೂ ಬಾರದು.

ಹೇಳಲೋ ಬೇಡವೋ ಎಂದು ನೀವು ಕೇಳಿದಾಗಲೇ ನನಗೆ ಕೇಳಿಸಲಿಲ್ಲ ಎಂದು ಬರೆಯಬೇಕಿತ್ತು. ಒಂದು ಸಾಲು. ಅದು ಬರೆಯಲಾಗದೆ 'ಹೇಳಿ' ಎಂದು ಬರೆದೆ. ಏನನ್ನು ಹೇಳಿ ಎನ್ನುತ್ತಿದ್ದೇನೆ ಎಂದು ಗೊತ್ತಿಲ್ಲದೆ ಬರೆದೆ. ಯಾವ ಮಾತಾದರೂ ಹೇಳಿಬಿಡುವುದೇ ಒಳ್ಳೆಯದು ಎಂದು ನಮಗೆ ಪಾಠ ಮಾಡಿದ್ದರು.

ಕ್ಷಮಿಸಿದ್ದೂ ಅಲ್ಲ, ಪಾಪ ಅಂದದ್ದೂ ಅಲ್ಲ ಅಕ್ಕ. ನಾನು ಏನೂ ಕೇಳದೆ ತಲೆಯಾಡಿಸಿದೆ. ರಯೀಸ್ ಹೆಸರನ್ನು ಬರೆಯಲು ನನಗೆ ಧೈರ್ಯ ಬರಲಿಲ್ಲ, ಅವನ ಬಗ್ಗೆ ನಿಮ್ಮ ಕಾಗದದಲ್ಲಿ ಇದ್ದಷ್ಟೇ ನನಗೆ ಗೊತ್ತಿದ್ದದ್ದು.

ಜನವರಿಯ ಕೂಟ ನಡೆಸಲಿಲ್ಲ. ಇಷ್ಟು ಬರೆದು ನನಗೇನೂ ಹಗುರವಾಗಿಲ್ಲ, ಆಗುವುದೂ ಬೇಡ.

ಚೈತ್ರಶ್ರೀ

*

ಸಕಲೇಶಪುರ
12 ಮಾರ್ಚ್ 2025

ಮಸೂದಕ್ಕ,

ನಿಮ್ಮ ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ರಂಜಾನ್ ಉಪವಾಸದಲ್ಲಿರುತ್ತೀರಿ ಎಂದುಕೊಂಡಿದ್ದೇನೆ.

ಮೊನ್ನೆ ಭಾನುವಾರ ನಿಮ್ಮ ಸಂಘದವರನ್ನೆಲ್ಲ ಸ್ಟೋರಿಗೆ ಕರೆದೆ. ಬಟ್ಟಲು ಹೊರಗೆ ತೆಗೆಯಲೇ ಇಲ್ಲ. ಕೂದಲು ಎತ್ತಿ ಕಟ್ಟಿಕೊಂಡು, ಮಿಷನ್ ತೋರಿಸಿ, ನವೆಂಬರಿನಲ್ಲಿ ನೀವು ಯಾರು ಹೇಳಿದ್ದೂ ನನಗೆ ಕೇಳಿಸಿಲ್ಲ ಎಂದೆ. ಕೆಲವರು ಎದ್ದು ಹೋದರು. ದ್ರಾಕ್ಷಾಯಣಿ ಮೊದಲು ಅತ್ತರು, ಆಮೇಲೆ ನನ್ನ ಎಡಗಡೆ ಬಂದು, "ಅದ್ಕೇನವ್ವ ನಾನು ಮೂರು ಕಿತ ಕೂಗಿದ್ರೂ ತಿರುಗ್ಲಿಲ್ಲ! ಏಕಾಗ್ರತೆ ಅಂತ ಊರೆಲ್ಲ ಹೇಳ್ಕೊಂಡು ಬಂದಿವ್ನಿ" ಎಂದು ಗಟ್ಟಿಯಾಗಿ ಬೈದರು. ಅದು ಪೂರ್ತಿ ಕೇಳಿಸಿತು.

ನಿಮ್ಮ ವಿಷಯ ಯಾರ ಹತ್ತಿರವೂ ಎತ್ತಿಲ್ಲ. ಇದರ ಜೊತೆ ಖಾಲಿ ಹಾಳೆ ಮತ್ತು ಸ್ಟಾಂಪು ಹಚ್ಚಿದ ಕವರು ಇಟ್ಟಿದ್ದೇನೆ. ಬೈಯಲಿಕ್ಕಾದರೂ ಬರೆಯಿರಿ.

ಚೈತ್ರಶ್ರೀ

*

ಆಲೂರು
3 ಏಪ್ರಿಲ್ 2025

ಚೈತ್ರಾ,

ಮೇಡಂ ಅನ್ನುವುದು ಬಿಟ್ಟಿದ್ದೇನೆ. ನನಗಿಂತ ಹತ್ತು ವರ್ಷ ಚಿಕ್ಕವಳು ನೀನು.

ನಿನ್ನ ಫೆಬ್ರವರಿ ಕಾಗದವನ್ನು ಓದಿ ಒಲೆಗೆ ಹಾಕಿದೆ. ನನ್ನ ಎರಡು ತಿಂಗಳ ನಿದ್ದೆಯನ್ನೂ ಅದರ ಜೊತೆಗೇ ಹಾಕಿದ ಹಾಗಾಯಿತು. ಉಪವಾಸದ ತಿಂಗಳಲ್ಲಿ ಬೈಯಬಾರದು, ಅದಕ್ಕೇ ಬರೆಯಲಿಲ್ಲ. ಹಬ್ಬ ಮುಗಿಯಲಿ, ಚೆನ್ನಾಗಿ ಬೈದು ಬರೆಯೋಣ ಅಂತ ಕಾದೆ. ಈಗ ಕೂತರೆ ಬೈಗುಳ ಬರುತ್ತಿಲ್ಲ. ನೀನು ಕೇಳಿಸಿಕೊಳ್ಳದೆ ತಲೆಯಾಡಿಸಿದೆ. ನಾನು ಕೇಳಿಸಿಕೊಂಡೂ ಬಾಯಿ ಮುಚ್ಚಿಕೊಂಡಿದ್ದವಳು. ನಿನ್ನನ್ನು ಯಾವ ಬಾಯಲ್ಲಿ ಬೈಯಲಿ.

ಬರೆಯುತ್ತೇನೆ. ಇದಕ್ಕೆ ಕಿವಿ ಬೇಡ.

ರಯೀಸ್‌ಗೆ ಇಪ್ಪತ್ತಾರು. ಮಂಗಳೂರಿಗೆ ಮೆಣಸು ಇಳಿಸಿ ಖಾಲಿ ಲಾರಿಯಲ್ಲಿ ಬರುತ್ತಿದ್ದ. ಮಧ್ಯಾಹ್ನ ಮೂರು ಗಂಟೆಗೆ ಗುಂಡ್ಯದಿಂದ ಫೋನ್ ಮಾಡಿದ. "ಅಮ್ಮಿ, ಮಳೆ ಜೋರೈತೆ. ಅಬ್ಬಾ ಇಲ್ಲೇ ನಿಲ್ಸು ಅಂದವ್ರೆ. ಬೆಳಿಗ್ಗೆ ಬತ್ತೀನಿ" ಅಂದ. ಆವತ್ತು ಸಂಜೆ ಐದಕ್ಕೆ ಅಫ್ಶಾನ್‌ನ ನೋಡಲು ಹಾಸನದಿಂದ ಜನ ಬರುವವರಿದ್ದರು. ಒಬ್ಬನೇ ಅಣ್ಣ, ಅವನೇ ಮನೆಯಲ್ಲಿಲ್ಲದಿದ್ದರೆ ಚೆನ್ನಾಗಿರುತ್ತಾ ಅಂತ ನನಗೆ. "ಅಬ್ಬಂಗೆ ನಾನು ಹೇಳ್ಕೊತೀನಿ, ನೀನು ಬಾ" ಅಂದೆ. ಅವನು ನಕ್ಕ. "ಆಯ್ತು, ಬಿರಿಯಾನಿ ಎಲ್ಲಾ ಅವ್ರಿಗೇ ಹಾಕ್ಬುಡ್ಬೇಡ" ಅಂದ. ಅಬ್ಬಂಗೆ ನಾನು ಹೇಳಲಿಲ್ಲ. ಮನೆ ತುಂಬ ಕೆಲಸ, ಮರೆತೆ. ಬಂದವರು ಶರಬತ್ತು ಕುಡಿಯುತ್ತಿರುವಾಗ ಸುದ್ದಿ ಬಂತು. ಘಾಟಿಯ ಮೇಲಿನ ಮಾರನಹಳ್ಳಿಗೆ ಇನ್ನು ಎರಡು ತಿರುವು ಇರುವಾಗ ಗುಡ್ಡ ಜಾರಿ ಲಾರಿಯ ಮೇಲೆ ಬಿದ್ದಿತ್ತು. ಬಂದವರು ಎದ್ದು ಹೋದರು. ಆ ಸಂಬಂಧವೂ ಹೋಯಿತು.

ಇದು ಪೂರ್ತಿ ಅಲ್ಲ. ನಿನಗೂ ಇವರಿಗೂ ಇಷ್ಟನ್ನೇ ಹೇಳಿದ್ದೆ. ಮುಂದಿನದನ್ನು ಯಾರಿಗೂ ಹೇಳಿಲ್ಲ.

ಮಣ್ಣು ತೆಗೆಯುತ್ತಿರುವಾಗ ನಾವಿಬ್ಬರೂ ಅಲ್ಲೇ ರಸ್ತೆಯಲ್ಲಿ ನಿಂತಿದ್ದೆವು. ಇವರು ಎದೆ ಬಡಿದುಕೊಂಡು, "ಬೇಡ ಅಂದಿದ್ದೆ, ಮಾತು ಕೇಳ್ಲಿಲ್ಲ ಇವನು" ಅಂತ ಕೂಗಿದರು. ನಾನು ಪಕ್ಕದಲ್ಲೇ ಇದ್ದೆ. ಆಗ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಒಳಗೊಳಗೇ, ಸದ್ಯ, ತಪ್ಪು ಅವನ ಮೇಲೆ ಹೋಯಿತಲ್ಲ ಅಂತ ಉಸಿರು ಬಿಟ್ಟೆ ಚೈತ್ರಾ. ಮಗ ಇನ್ನೂ ಮಣ್ಣಿನ ಕೆಳಗಿದ್ದ. ಬಾ ಅಂದದ್ದನ್ನು ಅಲ್ಲಾ ಕ್ಷಮಿಸಿಯಾನು, ಯಾವ ತಾಯಿಯೂ ಬಾ ಅನ್ನುತ್ತಾಳೆ. ಆ ಉಸಿರು ಬಿಟ್ಟದ್ದನ್ನು ನಾನೇ ಕ್ಷಮಿಸಲಾರೆ. ಒಂದೂವರೆ ವರ್ಷ ನನ್ನ ತಪ್ಪನ್ನು ಅವನೇ ಹೊತ್ತುಕೊಂಡು ಮಲಗಿದ್ದ.

ಈಗ ಹಬ್ಬದ ವಿಷಯ. ಸೋಮವಾರ ಈದ್. ಹಿಂದಿನ ಸಂಜೆ ಕಾಫಿ ಅರಳಿಸುವ ಹೂಮಳೆ ಬಿದ್ದಿತ್ತು, ಎಲ್ಲೆಲ್ಲೂ ಕೆಸರು. ಇವರು ಅಂಗಡಿಯಿಂದಲೇ ಈದ್‌ಗಾಗೆ ಹೋದರು. ಹನ್ನೊಂದು ಗಂಟೆಗೆ ಮನೆ ಬಾಗಿಲಿಗೆ ಬಂದರು, ಡಿಸೆಂಬರಿನಿಂದೀಚೆಗೆ ಮೊದಲ ಸಲ. ಅಫ್ಶಾನ್ ಕೊಟ್ಟ ಶೀರ್ ಖುರ್ಮಾವನ್ನು ಜಗುಲಿಯಲ್ಲೇ ಕೂತು ಕುಡಿದರು. ನನ್ನ ಕಡೆ ನೋಡಲಿಲ್ಲ. ಹೋಗುವಾಗ ಹಬ್ಬಕ್ಕೆ ಕೊಂಡ ಹೊಸ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಬಾಗಿಲ ಹಿಂದಿದ್ದ ಹಳೆಯದನ್ನು ಮೆಟ್ಟಿಕೊಂಡು ಹೋದರು.

ಚಪ್ಪಲಿಯ ತುಂಬ ಕೆಮ್ಮಣ್ಣು. ಈದ್‌ಗಾ ದಾರಿಗೆ ಟಾರು ಹಾಕಿದ್ದಾರೆ, ಅಲ್ಲಿ ಆ ಮಣ್ಣಿಲ್ಲ. ಅದು ಕಬರಸ್ತಾನದ್ದೇ. ಅಫ್ಶಾನ್ ತೊಳೆಯಲು ಬಕೆಟ್ಟು ತಂದಳು. ನಾನು ಬೇಡ ಅಂದೆ. ನೆಲಕ್ಕೆ ಕೂತು ಎರಡೂ ಅಂಗೈಯನ್ನು ಆ ಮಣ್ಣಿಗೆ ಒತ್ತಿ ಹಿಡಿದುಕೊಂಡೆ. ಇನ್ನೂ ಹಸಿಯಾಗಿತ್ತು. ನನ್ನ ಮಗನ ಹತ್ತಿರ ನಾನು ಹೋಗಿದ್ದು ಅಷ್ಟೇ, ಜಗುಲಿಯ ತನಕ.

ನಾಳೆ ಶುಕ್ರವಾರ. ಚಪ್ಪಲಿಯನ್ನು ತೊಳೆಯದೆ, ಬೀದಿಗೆ ಮುಖ ಮಾಡಿ ಇಟ್ಟಿದ್ದೇನೆ. ಅವರು ನನ್ನ ಜೊತೆ ಮಾತಾಡುವುದು ಬೇಡ. ಬಂದು ಅದನ್ನು ಮೆಟ್ಟಿಕೊಂಡು ಹೋದರೆ ಸಾಕು.

ಸಮಾಧಾನ ಬರೆಯಬೇಡ. ಕ್ಷಮಿಸಿದೆ ಅಂತಲೂ ಬರೆಯಬೇಡ. ಒಬ್ಬರಿಗಾದರೂ ಇದು ಪೂರ್ತಿ ಮುಟ್ಟಿದೆ ಅಂತ ನನಗೆ ಗೊತ್ತಾದರೆ ಸಾಕು.

ಮಸೂದಾ

*

(ಅಂಚೆ ಕಾರ್ಡು)

ಸಕಲೇಶಪುರ
9 ಏಪ್ರಿಲ್ 2025

ಮಸೂದಕ್ಕ,

ಮುಟ್ಟಿತು. ಒಂದಕ್ಷರ ಬಿಡದೆ ಓದಿದೆ.

ತಲೆಯಾಡಿಸಲಿಲ್ಲ.

ಚೈತ್ರಾ